ಕಾರು ಅವರದು, ಹೆಸರು ನಮ್ಮದು

(ಮಾನೇಸರಿನಲ್ಲಿ ಕ್ಯಾಂಟೀನು ಹಾಗೂ ಬಟ್ಟೆ ಕಾರ್ಖಾನೆಗಳಲ್ಲಿ ದುಡಿಯುವ ಕನ್ನಡಿಗರು ಭಾನುವಾರ ಸೇರಿದ್ದ ಕೂಟದಲ್ಲಿ, ಮುಂಬಯಿಯಿಂದ ಹೋಗಿದ್ದ ನಮ್ಮ ಸಂಘದ ಕಾರ್ಯಕರ್ತರು ಮಾಡಿದ ಭಾಷಣ.)



ಬೋನಸ್ಸು, ಭವಿಷ್ಯ ನಿಧಿಗಳ ವಿಷಯವಾಗಿ ನಾನು ಮಾತನಾಡುವೆನೆಂದು ನೀವು ಎಣಿಸಿ ಬಂದಿರಬಹುದು. ಅದನ್ನು ಮುಂದಿನ ಸಲಕ್ಕೆ ಇಡೋಣ. ಇಂದು ನಾನು ಹೇಳಬೇಕಾದದ್ದು ಒಂದು ಕಾರಿನ ವಿಷಯ. ನಿಮ್ಮ ಮಾನೇಸರಿನ ಕಾರ್ಖಾನೆಯಲ್ಲಿ ತಯಾರಾಗುವ ಕಾರಲ್ಲ. ಎರಡೇ ಬಾಗಿಲಿನ, ನೆಲಕ್ಕೆ ಅಂಟಿಕೊಂಡಂತೆ ಓಡುವ, ಪರದೇಶದಲ್ಲಿ ಯಾರೋ ಓಡಿಸಿ ಬಿಟ್ಟ ಸ್ಪೋರ್ಟ್ಸ್ ಕಾರು. ನಗಬೇಡಿ. ಸೈಕಲ್ಲಿಗೂ ಗತಿಯಿಲ್ಲದವನ ಹೆಸರಿನಲ್ಲಿ ಅಂಥ ಕಾರು ಹಡಗಿನಿಂದ ಇಳಿಯುವ ಕಾಲ ಬಂದಿದೆ.

ಕಳೆದ ತಿಂಗಳು ರಾತ್ರಿ ಹನ್ನೊಂದು ಗಂಟೆಗೆ ನನಗೊಂದು ಫೋನು ಬಂತು. ನಮ್ಮ ಕುಂದಾಪುರ ಕಡೆಯ ಹುಡುಗ, ದುಬೈಯಲ್ಲಿ ಆರು ವರ್ಷ ಅಡಿಗೆಮನೆಯಲ್ಲಿ ದುಡಿದು ಮರಳಿದವನು, ಈಗ ಇಲ್ಲಿಯ ಒಂದು ಕ್ಯಾಂಟೀನಿನಲ್ಲಿದ್ದಾನೆ. "ಅಣ್ಣ, ಒಂದ್ ಸಹಿ ಹಾಕಿರೆ ಐವತ್ತ್ ಸಾವಿರ ಕೊಡ್ತ್ರಂಬ್ರ್. ಹಾಕುದಾ?" ಎಂದು ಕೇಳಿದ. "ಎಂತಕ್ಕೆ ಸಹಿ ಮಾರಾಯಾ?" ಎಂದೆ. "ಒಂದ್ ಕಾರಿಗೆ. ಲಂಡನ್ನಿಂದ ಬಪ್ಪುದಂಬ್ರ್" ಎಂದ. ಪಾಸ್‌ಪೋರ್ಟಿನ ಪ್ರತಿಗಳನ್ನು ಆಗಲೇ ಕೊಟ್ಟಾಗಿತ್ತು, ಹತ್ತು ಸಾವಿರ ಮುಂಗಡ ತೆಗೆದುಕೊಂಡೂ ಆಗಿತ್ತು. ಅವನು ಈ ಸಭೆಯಲ್ಲಿಯೇ ಇದ್ದಾನೆ, ಹೆಸರು ಹೇಳುವುದಿಲ್ಲ. ಕೇಳಿದ್ದು ಒಳ್ಳೆಯದಾಯಿತು. ಕೇಳದೆ ಸಹಿ ಹಾಕಿದವರು ಎಷ್ಟು ಮಂದಿಯೋ!

ದಲ್ಲಾಳಿ ಅವನಿಗೆ ಹೇಳಿದ ಮಾತು ಒಂದೇ: "ಬರೀ ಒಂದು ಸಹಿ." ಒಂದು ಹಳೆಯ ಕಾರು ಪರದೇಶದಿಂದ ಬಂದು ನಮ್ಮ ರಸ್ತೆಯಲ್ಲಿ ಕಾಯಿದೆಬದ್ಧವಾಗಿ ಓಡಬೇಕಾದರೆ ಏನೇನು ಆಗಬೇಕೆಂಬುದನ್ನು ತಿಳಿದರೆ, ಆ ಒಂದು ಸಹಿಯ ಬೆಲೆ ನಿಮಗೇ ತಿಳಿಯುತ್ತದೆ. ಏಳನೆಯ ಇಯತ್ತೆ ಓದಿದವನು ಕಾಯಿದೆ ಹೇಳಲು ಬಂದನೆನ್ನಬೇಡಿ. ಓದಿದವರನ್ನು ಕೇಳಿ, ಅವರು ಹೇಳಿದ್ದನ್ನು ಬರೆದುಕೊಂಡು, ಎರಡು ಸಲ ತಾಳೆ ನೋಡಿ ತಂದಿದ್ದೇನೆ.

ಮೊದಲು ಸಾಮಾನ್ಯ ನಿಯಮ. ಹಳೆಯ ಕಾರು ತಯಾರಾಗಿ ಮೂರು ವರ್ಷ ಮೀರಿರಬಾರದು. ಸ್ಟೀರಿಂಗು ಬಲಗಡೆ ಇರಬೇಕು. ವೇಗದ ಮೀಟರು ಕಿಲೋಮೀಟರಿನಲ್ಲಿ ತೋರಿಸಬೇಕು. ಮುಂದೀಪ ಎಡಕ್ಕೆ ಓಡುವ ಸಂಚಾರಕ್ಕೆ ಹೊಂದಬೇಕು. ಹಡಗು ಹತ್ತುವ ಮುಂಚೆ ಅಲ್ಲಿ ಒಂದು ತಪಾಸಣೆಯ ಪತ್ರ. ಇಲ್ಲಿ ಇಳಿಯುವುದು ನಮ್ಮ ಮುಂಬಯಿ ಬಂದರಿನಲ್ಲಿ ಮಾತ್ರ. ಇಳಿದ ಮೇಲೆ, ಬಂದರಿನಿಂದ ಬಿಡಿಸಿಕೊಳ್ಳುವ ಮುನ್ನ, ಪುಣೆಯ ಎ.ಆರ್.ಎ.ಐ., ಅಹಮದನಗರದ (ಈಗ ಅಹಿಲ್ಯಾನಗರ) ವಿ.ಆರ್.ಡಿ.ಇ. ಇಂಥ ಸಂಸ್ಥೆಯಲ್ಲಿ ಮತ್ತೆ ಪರೀಕ್ಷೆ. ಇದೇ ಬಗೆಯ ಒಂದು ಸಂಸ್ಥೆ ನಿಮ್ಮ ಮಗ್ಗುಲಲ್ಲೇ ಇದೆ. ಇಲ್ಲಿಯ ಐಕ್ಯಾಟ್ ಎಂಬ ದೊಡ್ಡ ಕಾಂಪೌಂಡಿನ ಮುಂದೆ ನಿಮ್ಮಲ್ಲಿ ಎಷ್ಟೋ ಜನ ದಿನವೂ ಹಾದು ಹೋಗುತ್ತೀರಿ. ಮೋಟಾರು ವಾಹನ ನಿಯಮಗಳ 126ನೆಯ ನಿಯಮದಲ್ಲಿ ಹೆಸರಿಸಿದ ಪರೀಕ್ಷಾ ಸಂಸ್ಥೆಗಳಲ್ಲಿ ಅದೂ ಒಂದು. ಬ್ರೇಕು, ಹೊಗೆ, ದೀಪ, ಸದ್ದು ಎಲ್ಲವನ್ನೂ ಅಂಥಲ್ಲಿ ಯಂತ್ರವಿಟ್ಟು ಅಳೆಯುತ್ತಾರೆ. ಹೊಗೆಗೆ 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ ಆರರ ಮಟ್ಟ.

ದೀಪದ ಮಾತು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದು ನಿಮ್ಮ ಜೀವಕ್ಕೆ ತಗಲುವ ಸಂಗತಿ. ಡಿಪ್ ಹಾಕಿದಾಗ ದೀಪದ ಬೆಳಕು ಎರಡೂ ಬದಿಗೆ ಒಂದೇ ಸಮ ಬೀಳುವುದಿಲ್ಲ. ನಾವು ಎಡಕ್ಕೆ ಓಡುವವರು. ಆದ್ದರಿಂದ ಎಡಬದಿಯಲ್ಲಿ, ಅಂದರೆ ನಡೆದು ಹೋಗುವವರು ಇರುವ ಕಡೆ, ಬೆಳಕು ತುಸು ಮೇಲೇರಬೇಕು. ಎದುರಿನವರು ಬರುವ ಬಲಬದಿಯಲ್ಲಿ ತಗ್ಗಬೇಕು. ದುಬೈ, ಜರ್ಮನಿ, ಅಮೆರಿಕಗಳಲ್ಲಿ ಬಲಕ್ಕೆ ಓಡುತ್ತಾರೆ. ಅಲ್ಲಿಯ ದೀಪ ಇದಕ್ಕೆ ಉಲ್ಟಾ. ಅಂಥ ಕಾರು ನಮ್ಮ ಹೆದ್ದಾರಿಗೆ ಬಂದರೆ ರಾತ್ರಿ ಪಾಳಿ ಮುಗಿಸಿ ಎದುರಿನಿಂದ ಸೈಕಲ್ಲಿನಲ್ಲಿ ಬರುವವನ ಕಣ್ಣಿಗೆ ನೇರ ಹೊಡೆಯುತ್ತದೆ, ಎಡಬದಿಯಲ್ಲಿ ನಡೆಯುವವನು ಚಾಲಕನಿಗೆ ಕಾಣುವುದೇ ಇಲ್ಲ. ಹಾಗೆಯೇ ಸ್ಟೀರಿಂಗು. ಎಡದ್ದನ್ನು ಬಲಕ್ಕೆ ತರುವುದೆಂದರೆ ಚಕ್ರವನ್ನು ಕಿತ್ತು ಆಚೆಗೆ ಸಿಕ್ಕಿಸುವುದಲ್ಲ. ಸ್ಟೀರಿಂಗಿನ ಹಲ್ಲುಪಟ್ಟಿ, ಪೆಡಲುಗಳು, ಬ್ರೇಕಿನ ಕೊಳವೆ, ಮುಂದಿನ ಹಲಗೆಯ ಪೂರ್ತಿ ವಯರಿಂಗು, ಗಾಳಿಚೀಲ ಎಲ್ಲವೂ ಸ್ಥಳ ಬದಲಿಸಬೇಕು. ಇಂಗ್ಲೆಂಡಿನ ಕಾರಿಗೆ ಈ ಎರಡು ಕಾಟ ಇಲ್ಲ, ಅವರೂ ಎಡಕ್ಕೇ ಓಡುವವರು. ಆದರೆ ಅಲ್ಲಿಯ ಮೀಟರು ಮೈಲಿಯದು. ಮುಳ್ಳು 60 ತೋರಿಸುವಾಗ ಕಾರು ನಮ್ಮ ಲೆಕ್ಕದ 96 ಕಿಲೋಮೀಟರಿನಲ್ಲಿ ಓಡುತ್ತಿರುತ್ತದೆ.

ಇನ್ನೊಂದು ಷರತ್ತು ನನಗೆ ಬಹಳ ಹಿಡಿಸಿತು. ಆಮದಾದ ದಿನದಿಂದ ಐದು ವರ್ಷ ಆ ಕಾರು ರಸ್ತೆಗೆ ಯೋಗ್ಯವಾಗಿರಬೇಕು. ಆ ಐದು ವರ್ಷವೂ ಈ ದೇಶದಲ್ಲಿ ಅದಕ್ಕೆ ರಿಪೇರಿಯ ಸೌಕರ್ಯ ಉಂಟೆಂದು ಭರವಸೆ ಕೊಡಬೇಕು. ಐದು ವರ್ಷ! ಕಂತ್ರಾಟುದಾರನಿಂದ ಐದು ತಿಂಗಳ ಕೆಲಸದ ಭರವಸೆ ಪಡೆದವರು ಯಾರಾದರೂ ಇಲ್ಲಿದ್ದರೆ ಕೈ ಎತ್ತಿ. ಯಾರೂ ಇಲ್ಲ. ಇರಲಿ.

ಈಗ ಹಣ. ಸುಂಕವನ್ನು ನೀವು ಕೊಂಡ ಬೆಲೆಯ ಮೇಲೆ ಹಾಕಿಬಿಡುವುದಿಲ್ಲ. ಆ ಕಾರು ಹೊಸದಾಗಿದ್ದಾಗಿನ ಬೆಲೆ ಹಿಡಿದು, ಸವಕಳಿ ಕಳೆದು, ಸಾಗಣೆ ವಿಮೆ ಕೂಡಿಸಿ ಅವರೇ ಬೆಲೆ ಕಟ್ಟುತ್ತಾರೆ. ಅಂಥ 100 ರೂಪಾಯಿಗೆ ಮೂಲ ಸುಂಕ, ಸೆಸ್ಸು ಸೇರಿ 137 ರೂಪಾಯಿಗೂ ಮೇಲೆ. ಆ ಕೂಡಿದ ಮೊತ್ತದ ಮೇಲೆ ಜಿ.ಎಸ್.ಟಿ.; ದೊಡ್ಡ ಕಾರುಗಳಿಗೆ 2025ರ ಸೆಪ್ಟೆಂಬರ್ 22ರಿಂದ ಅದು ನೂರಕ್ಕೆ 40. ಎಲ್ಲ ಕೂಡಿ ನೋಡಿ: 100 ರೂಪಾಯಿಯ ಮಾಲು ಬಂದರು ದಾಟುವಾಗ 330 ದಾಟಿರುತ್ತದೆ. ಬಳಿಕ ನೋಂದಣಿಗೆ ರಸ್ತೆ ತೆರಿಗೆ ಬೇರೆ. ನಮ್ಮ ಕರ್ನಾಟಕದಲ್ಲಿ 20 ಲಕ್ಷಕ್ಕೆ ಮೀರಿದ ಕಾರಿಗೆ ನೂರಕ್ಕೆ 18, ಅದರ ಮೇಲೆ ಸೆಸ್ಸು. ಸುಂಕದ ಭಾರ ಎಷ್ಟೆಂಬುದಕ್ಕೆ ಮುಂಬಯಿಯವರಿಗೆ ಹಳೆಯ ಉದಾಹರಣೆ ಗೊತ್ತು. ಸಚಿನ್ ತೆಂಡೂಲ್ಕರರಿಗೆ ಬಹುಮಾನವಾಗಿ ಬಂದ ಫೆರಾರಿ ಕಾರಿಗೆ ಸುಂಕವೇ 1.13 ಕೋಟಿ ರೂಪಾಯಿ ಎಂದಾಗ, 2003ರಲ್ಲಿ ಸರಕಾರ ಮಾಫಿ ಮಾಡಹೊರಟು ಗದ್ದಲವೆದ್ದು, ಕಡೆಗೆ ಫಿಯಟ್ ಕಂಪನಿಯವರು ಕಟ್ಟಬೇಕಾಯಿತು. ಅದು ಬಹಿರಂಗವಾಗಿ ನಡೆದ ಸಂಗತಿ, ಕೇಳುವವರಿದ್ದರು. ನಮ್ಮ ಹುಡುಗನ ಹೆಸರಿನಲ್ಲಿ ಬರುವ ಕಾರಿಗೆ ಕೇಳುವವರು ಯಾರು?

ಇಷ್ಟೊಂದು ತೆರಬೇಕಾದಲ್ಲಿ ತಪ್ಪಿಸಿಕೊಳ್ಳುವ ಆಸೆ ಹುಟ್ಟುತ್ತದೆ. ಪರದೇಶದಲ್ಲಿ ಎರಡು ವರ್ಷ ಸತತವಾಗಿದ್ದು ಕಾಯಮ್ಮಾಗಿ ಊರಿಗೆ ಮರಳುವವನು, ಅಲ್ಲಿ ಒಂದು ವರ್ಷವಾದರೂ ತನ್ನ ಸ್ವಾಧೀನದಲ್ಲಿದ್ದ ಕಾರನ್ನು ತರಲು ಸರಕಾರ ಒಂದು ದಾರಿ ಬಿಟ್ಟಿದೆ. ಸುಂಕ ಆಗಲೂ ಕಟ್ಟಬೇಕು, ಅದೂ ವಿದೇಶಿ ನಾಣ್ಯದಲ್ಲಿ. ಕಷ್ಟಪಟ್ಟು ದುಡಿದವನ ವಸ್ತು ಅವನ ಜೊತೆ ಬರಲಿ ಎಂಬ ಉದ್ದೇಶದ ನಿಯಮ ಇದು. ಈ ದಾರಿಗೆ ಬೇಕಾದದ್ದು ಪರದೇಶದಿಂದ ಮರಳಿದವನ ಒಂದು ಪಾಸ್‌ಪೋರ್ಟು. ಕೋಟ್ಯಧೀಶನ ಬಳಿ ಅಂಥದಿಲ್ಲ. ಆರು ವರ್ಷ ದುಬೈಯಲ್ಲಿ ದೋಸೆ ಹೊಯ್ದವನ ಬಳಿ ಇದೆ.

ನಾನು ಆ ಹುಡುಗನನ್ನು ಕೇಳಿದೆ: "ನೀನು ಇದ್ದದ್ದು ದುಬೈ. ಕಾರು ಲಂಡನ್ನಿನದು. ಒಂದು ವರ್ಷ ನೀನೇ ಇಟ್ಟುಕೊಂಡಿದ್ದೆ ಎಂದು ಬರೆದ ಕಾಗದಕ್ಕೆ ಸಹಿ ಹಾಕುತ್ತೀಯಲ್ಲ, ಆ ಕಾರಿನ ಬಣ್ಣ ಯಾವುದು?" ಅವನಿಗೆ ಗೊತ್ತಿರಲಿಲ್ಲ. ನಿನ್ನ ಸಂಬಳ ಎಷ್ಟಿತ್ತು, ಸುಂಕದ ಹಣ ಎಲ್ಲಿಂದ ತಂದೆ ಎಂದು ಅಧಿಕಾರಿ ಕೇಳಿದರೆ? ಸುಮ್ಮನಾದ.

ಇಂಥವು ಬರಿಯ ಹೆದರಿಕೆಯ ಮಾತಲ್ಲ. 2021ರ ಜುಲೈಯಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯದವರು ಒಂದು ಜಾಲವನ್ನು ಹಿಡಿದುದಾಗಿ ಪ್ರಕಟಿಸಿದರು. ಪರದೇಶದ ರಾಯಭಾರಿ ಕಚೇರಿಯವರಿಗೆ ಸುಂಕವಿಲ್ಲದೆ ಕಾರು ತರುವ ಸವಲತ್ತು ಇದೆ. ಅವರ ಹೆಸರಿನಲ್ಲಿ ಐದು ವರ್ಷಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ದುಬಾರಿ ಕಾರುಗಳು ಬಂದು ಬೇರೆಯವರ ಕೈ ಸೇರಿದವು, 25 ಕೋಟಿ ರೂಪಾಯಿಗೂ ಮೇಲೆ ಸುಂಕ ತಪ್ಪಿತು ಎಂಬುದು ಅವರ ಆರೋಪ. ಆಗ ಬಂಧಿತರಾದವರಲ್ಲಿ ಇದೇ ಗುರುಗ್ರಾಮದ ಒಂದು ಕಾರು ಮಾರಾಟ ಸಂಸ್ಥೆಯ ಮುಖ್ಯಸ್ಥರೂ ಒಬ್ಬರು. 2025ರ ಸೆಪ್ಟೆಂಬರಿನಲ್ಲಿ ಕೇರಳದ ಕಸ್ಟಮ್ಸ್‌ನವರು ನುಮ್‌ಖೋರ್ ಎಂಬ ಹೆಸರಿನಿಂದ ದಾಳಿ ನಡೆಸಿದರು. ಭೂತಾನದ ಭಾಷೆಯಲ್ಲಿ ಹಾಗೆಂದರೆ ವಾಹನ. ಭೂತಾನದ ಹಳೆಯ ಗಾಡಿಗಳು ಸುಂಕವಿಲ್ಲದೆ ಗಡಿ ದಾಟಿ, ಸುಳ್ಳು ಕಾಗದದ ಮೇಲೆ ಇಲ್ಲಿ ನೋಂದಣಿಯಾದವು ಎಂಬುದು ಅಲ್ಲಿಯ ಆರೋಪ. ಎರಡು ಕಡೆಯೂ ಉಪಾಯ ಒಂದೇ, ಕಾಗದದ ಮೇಲೆ ಒಬ್ಬ, ಸ್ಟೀರಿಂಗಿನ ಹಿಂದೆ ಇನ್ನೊಬ್ಬ. ಕೋತಿ ಮೊಸರು ತಿಂದು ಮೇಕೆಯ ಬಾಯಿಗೆ ಒರಸಿತೆಂಬ ಗಾದೆ ನಮ್ಮವರು ಸುಮ್ಮನೆ ಕಟ್ಟಿದ್ದಲ್ಲ.

ನಾನು ಮುಂಬಯಿಯಲ್ಲಿ ಹೋಟೆಲಿನಲ್ಲಿದ್ದಾಗ ನಮ್ಮ ಜೊತೆ ಒಬ್ಬ ಭಟ್ಟಿಯ ಮೇಲಿನ ಅಡಿಗೆಯವನಿದ್ದ. ಕೊಲ್ಲಿಯಿಂದ ಮರಳಿದವನೇ. ಹೀಗೇ ಸಹಿ ಹಾಕಿದ್ದ. ಸಿಕ್ಕ ಹಣದಲ್ಲಿ ಮನೆಗೆ ಹೆಂಚು ಹೊದಿಸಿದ. ಎರಡು ವರ್ಷ ಕಳೆದ ಮೇಲೆ ಕಸ್ಟಮ್ಸ್ ನೋಟೀಸು ಅವನ ಊರಿನ ವಿಳಾಸಕ್ಕೆ ಹೋಯಿತು. ಅವನ ತಾಯಿಗೆ ಓದು ಬಾರದು. ಸರಕಾರದ ಮುದ್ರೆ ಇರುವ ಕಾಗದವೆಂದು ಒಡೆಯದೆ ದೇವರ ಪಟದ ಹಿಂದೆ ಜೋಪಾನವಾಗಿ ಇಟ್ಟಳು. ಜವಾಬು ಹೋಗಲಿಲ್ಲ, ಆಜ್ಞೆಯಾಗಿಬಿಟ್ಟಿತು. ದೀಪಾವಳಿಗೆ ಊರಿಗೆ ಹೋದಾಗ ಅವನಿಗೆ ಎರಡೂ ಕಾಗದ ಒಟ್ಟಿಗೆ ಸಿಕ್ಕಿದವು. ಅಷ್ಟರಲ್ಲಿ ಅಪೀಲಿನ ಅವಧಿ ಮುಗಿದಿತ್ತು. ದಲ್ಲಾಳಿಯ ಫೋನು ಬಂದಾಗಿತ್ತು.

ಕಾಯಿದೆ ಹೇಳುವುದು ಇಷ್ಟು. 1962ರ ಕಸ್ಟಮ್ಸ್ ಕಾಯಿದೆಯಲ್ಲಿ 114ಎಎ ಎಂಬ ಕಲಮು ಇದೆ. ಸುಳ್ಳೆಂದು ತಿಳಿದೂ ಕಾಗದಕ್ಕೆ ಸಹಿ ಹಾಕಿದವನಿಗೆ ಮಾಲಿನ ಬೆಲೆಯ ಐದು ಪಟ್ಟಿನವರೆಗೆ ದಂಡ ಹಾಕಬಹುದು. ತಪ್ಪಿಸಿದ ಸುಂಕ 50 ಲಕ್ಷ ಮೀರಿದರೆ 135ನೆಯ ಕಲಮಿನಂತೆ ಏಳು ವರ್ಷದವರೆಗೆ ಸೆರೆ. ಕಾರು ಸರಕಾರದ ಪಾಲು. ಸೇಠನಿಗೆ ಒಂದು ಕಾರು ಹೋದರೆ ಇನ್ನೊಂದು ಬರುತ್ತದೆ. ಕೆಳಗಿನ ಅಧಿಕಾರಿಯ ಆಜ್ಞೆಯ ಮೇಲೆ ಅಪೀಲಿಗೆ 60 ದಿನ. ತಕ್ಕ ಕಾರಣವಿದ್ದರೆ ಇನ್ನು 30. ಅದಕ್ಕೂ ಮೊದಲು ನೂರಕ್ಕೆ ಏಳೂವರೆಯಂತೆ ಠೇವಣಿ ಇಡಬೇಕು. ಕೋಟಿಯ ಲೆಕ್ಕದಲ್ಲಿ ಏಳೂವರೆ ಎಂದರೆ ಎಷ್ಟೆಂದು ನೀವೇ ಮಾಡಿಕೊಳ್ಳಿ.

ಈಗ ಮಾಡಬೇಕಾದ ಕೆಲಸ. ಪಾಸ್‌ಪೋರ್ಟಿನ ಪ್ರತಿ ಕೊಟ್ಟವರು, ಖಾಲಿ ಕಾಗದಕ್ಕೆ ಸಹಿ ಹಾಕಿದವರು ನಾಚಿ ಸುಮ್ಮನಿರಬಾರದು. ಯಾವ ತಾರೀಖಿಗೆ, ಯಾರಿಗೆ, ಏನೇನು ಕೊಟ್ಟಿರಿ, ಎಷ್ಟು ಹಣ ಪಡೆದಿರಿ ಎಂಬುದನ್ನು ಇದ್ದದ್ದು ಇದ್ದ ಹಾಗೆ ಬರೆಯಿರಿ. ಪಡೆದ ಹಣ ಮುಚ್ಚಿಡಬೇಡಿ. ಆಮೇಲೆ ಅದೇ ಕುತ್ತಿಗೆಗೆ ಬರುತ್ತದೆ. ನನ್ನ ಹೆಸರಿನಲ್ಲಿ ಯಾವ ವಾಹನವನ್ನೂ ತರಲು ನನ್ನ ಒಪ್ಪಿಗೆಯಿಲ್ಲ ಎಂದು ಕೊನೆಗೆ ಸೇರಿಸಿ. ಒಂದು ಪ್ರತಿ ಮುಂಬಯಿಯ ಬಲಾರ್ಡ್ ಎಸ್ಟೇಟಿನ ನ್ಯೂ ಕಸ್ಟಮ್ ಹೌಸಿಗೆ, ಒಂದು ಇಲ್ಲಿಯ ಪೊಲೀಸು ಠಾಣೆಗೆ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಚೀಟಿಯನ್ನು ಜೋಪಾನ ಮಾಡಿ. ಊರಿನ ಮನೆಗೆ ಈ ರಾತ್ರಿಯೇ ಫೋನು ಮಾಡಿ, ಸರಕಾರದ ಲಕೋಟೆ ಏನಾದರೂ ಬಂದಿದೆಯೇ, ದೇವರ ಪಟದ ಹಿಂದೆ ಏನಿದೆ ಎಂದು ಕೇಳಿರಿ.

ನಮ್ಮ ಕುಂದಾಪುರದ ತಮ್ಮ ತನ್ನ ಕಾಗದವನ್ನು ಬೆಳಿಗ್ಗೆಯೇ ಬರೆದು ಮುಗಿಸಿದ್ದಾನೆ. ಅಕ್ಷರ ದುಂಡಗಿದೆ. ನಾನು ಮಂಗಳವಾರದ ಗಾಡಿಗೆ ಮುಂಬಯಿಗೆ ಹೊರಡುತ್ತೇನೆ, ಕಸ್ಟಮ್ಸ್ ಕಚೇರಿಯ ಪ್ರತಿಯನ್ನು ಅಂಚೆಯಲ್ಲದೆ ಕೈಯಾರೆ ಕೊಟ್ಟು ಮುದ್ರೆ ಹಾಕಿಸಿಯೂ ತರಬಲ್ಲೆ. ಇನ್ನು ಯಾರಾದರೂ ಇದ್ದರೆ ಚಹಾ ಆದ ಮೇಲೆ ಹಿಂದಿನ ಕೋಣೆಗೆ ಬನ್ನಿ. ಕಾಗದ, ಪೆನ್ನು ಅಲ್ಲಿ ಇಟ್ಟಿದೆ. ಹೆಸರನ್ನು ಯಾರೂ ಕೂಗಿ ಕರೆಯುವುದಿಲ್ಲ.