ಗಾಜಿನ ಎಳೆಯ ಮೇಲೆ ಬರುವ ವಿದ್ಯೆ

(ಶಾಲಾ ವಾರ್ಷಿಕೋತ್ಸವದ ಭಾಷಣ)



1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ಆದವಾನಿ, ಆಲೂರು ಸೀಮೆಯವರಾದ ನಮಗೆ ಕನ್ನಡದ ಗ್ರಂಥಗಳು ದೂರದಿಂದಲೇ ಬರಬೇಕು. ಈಗ ಅವು ಬರುವ ಹೊಸ ದಾರಿ ಗಾಜಿನ ಎಳೆ. 2017ರ ಡಿಸೆಂಬರಿನಲ್ಲಿ ರಾಷ್ಟ್ರಪತಿಗಳು ಉದ್ಘಾಟಿಸಿದ ಆಂಧ್ರ ಪ್ರದೇಶದ ಫೈಬರ್ ಜಾಲವನ್ನು ವಿದ್ಯುತ್ ಕಂಬಗಳ ಮೇಲೆಯೇ ಎಳೆಯಲಾಯಿತು. ನೆಲ ಅಗೆಯುವ ವೆಚ್ಚ ಉಳಿಯಿತು. ಗಾಳಿಗೆ ಹರಿಯುವ ಭಯವೂ ಉಳಿಯಿತು.

ಈ ಎಳೆಯ ಗಾಜು ಮಿಲಿಮೀಟರಿನ ಎಂಟನೆಯ ಒಂದು ಪಾಲಿನಷ್ಟೇ ದಪ್ಪ. ಪಠ್ಯದಲ್ಲಿ ಓದುವ ಪೂರ್ಣ ಆಂತರಿಕ ಪ್ರತಿಫಲನವೇ ಇದರ ಮರ್ಮ. ಬೆಳಕು ಇದರೊಳಗೆ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಓಡುವುದು. ಬಿಗಿಯಾಗಿ ಮಡಿಚಿದರೆ ಬೆಳಕು ಸೋರುವುದು. ತುದಿಗೆ ಧೂಳು ಕೂತರೆ ತಡೆಯುವುದು. ಆದುದರಿಂದ ಪೆಟ್ಟಿಗೆಯಲ್ಲಿ ಕೆಂಪು ದೀಪ ಮಿನುಗಿದರೆ ಮೊದಲು ಮಡಿಕೆಯನ್ನೂ ಸಡಿಲ ಜೋಡಣೆಯನ್ನೂ ನೋಡತಕ್ಕದ್ದು. ಹೊರಗೆ ತುಂಡಾಗಿದ್ದರೆ ಕೆಲಸಗಾರರು ಬೆಳಕಿನ ಮಿಡಿತವನ್ನು ಕಳುಹಿಸಿ, ಅದು ಮರಳುವ ಕಾಲದಿಂದ ದೂರವನ್ನು ಅಳೆದು, ತುದಿಗಳನ್ನು ಕರಗಿಸಿ ಬೆಸೆಯುವರು. ಮಕ್ಕಳು ಎಳೆಯ ತುದಿಯನ್ನು ಕಣ್ಣಿಗೆ ಹಿಡಿಯಬಾರದು. ಕಾಣದ ಬೆಳಕೂ ಕಣ್ಣನ್ನು ಕೆಡಿಸಬಲ್ಲುದು. ಕಂಬವನ್ನಂತೂ ಹತ್ತಲೇಬಾರದು.

ಬರ ಬಂದಾಗ ಗುಳೆ ಹೋಗುವ ನಮ್ಮ ಸೀಮೆಯಲ್ಲಿ ಇಂಥ ಕಸಬು ಕೈಗೆ ಹತ್ತಿದವರಿಗೆ ಊರಿನಲ್ಲಿಯೇ ಅನ್ನ ದೊರೆಯಬಹುದು. ಬೆಳಕಿನ ಪಾಠವನ್ನು ತಾಯ್ನುಡಿಯಲ್ಲಿ ಚೆನ್ನಾಗಿ ಅರಿತ ವಿದ್ಯಾರ್ಥಿಗೆ ಅದು ದೂರವಲ್ಲ. ಪೋಷಕರೇ, ಮಕ್ಕಳನ್ನು ನಡುವೆ ಶಾಲೆ ಬಿಡಿಸದಿರಿ. ಇದೇ ನಮ್ಮ ಬಿನ್ನಹ.