ಒಂದೇ ಪಾದದ ಓಟ

ಮಾಣಿ–ಮೈಸೂರು ಹೆದ್ದಾರಿಯಿಂದ ಕಾಸರಗೋಡಿನ ರಸ್ತೆ ಕವಲೊಡೆಯುವುದು ಜಾಲ್ಸೂರಿನಲ್ಲಿ. ಈ ಎರಡೂ ದಾರಿಗಳ ಆಸುಪಾಸಿನಲ್ಲಿ, ಚೆಂಡೆಗೆ ಯಾರು ಎಂದು ಕೇಳಿಕೊಂಡೇ ಯಕ್ಷಗಾನದ ಆಟಕ್ಕೆ ಹೊರಡುವವರಿದ್ದಾರೆ. ಅಂಥ ಕಿವಿಗಳಿಗೆ ಹೆವಿ ಮೆಟಲ್ ಡ್ರಮ್ಮರ್ ಒಬ್ಬರ ಕಥೆ ಹೊರಗಿನದೆನಿಸದು.

2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಇಂಗ್ಲೆಂಡಿನ ಐರನ್ ಮೇಡನ್ ತಂಡ ನುಡಿಸಿತು. ಭಾರತದಲ್ಲಿ ಅದೇ ಅವರ ಮೊದಲ ಕಾರ್ಯಕ್ರಮ. ಅವರಿಗಿಂತ ಮುಂಚೆ ದಿಲ್ಲಿಯ ಪರಿಕ್ರಮ ತಂಡ ವೇದಿಕೆ ಏರಿತ್ತು. ಕ್ಯಾಸೆಟ್ಟುಗಳಲ್ಲಿ ಕೇಳಿ ಬೆಳೆದ ಹಾಡುಗಳು ಕಣ್ಣೆದುರೇ ಮೊಳಗಿದ ಸಂಜೆ ಅದು. ಹಿಂದುಗಡೆ, ಡ್ರಮ್ಮುಗಳ ಕೋಟೆಯೊಳಗೆ ಕುಳಿತಿದ್ದವರು ನಿಕೊ ಮೆಕ್‌ಬ್ರೇನ್. ಆಗ ಅವರಿಗೆ 54 ವರ್ಷ. ಬರಿಗಾಲಲ್ಲಿ ನುಡಿಸುವುದು ಅವರ ರೂಢಿ.

ಅವರ ಪೂರ್ತಿ ಹೆಸರು ಮೈಕೆಲ್ ಹೆನ್ರಿ ಮೆಕ್‌ಬ್ರೇನ್. ಹುಟ್ಟಿದ್ದು 1952ರ ಜೂನ್ 5ರಂದು, ಲಂಡನ್ನಿನ ಹ್ಯಾಕ್ನಿಯಲ್ಲಿ. ಎಳವೆಯಲ್ಲಿ ನಿಕೊಲಸ್ ಎಂಬ ಗೊಂಬೆ ಕರಡಿಯನ್ನು ಬಿಟ್ಟಿರುತ್ತಿರಲಿಲ್ಲವಾದ್ದರಿಂದ ಮನೆಯವರ ಬಾಯಲ್ಲಿ ಅವರೂ ನಿಕಿಯಾದರು. ಡ್ರಮ್ಮಿನ ಹುಚ್ಚು ಹಿಡಿಸಿದ್ದು ಜಾಝ್. ಡೇವ್ ಬ್ರೂಬೆಕ್ ತಂಡದ ಜೋ ಮೊರೆಲ್ಲೊ ನುಡಿಸುವುದನ್ನು ಟಿವಿಯಲ್ಲಿ ಕಂಡ ಹುಡುಗ ಅಡುಗೆಮನೆಯ ಪಾತ್ರೆಗಳನ್ನೇ ಬಾರಿಸತೊಡಗಿದ.

ಹೆವಿ ಮೆಟಲ್ಲಿನ ಬೇರೂ ಜಾಝ್‌ನಲ್ಲೇ ಇದೆ ಎಂಬುದನ್ನು ನಾವು ಮರೆಯುತ್ತೇವೆ. ಬರ್ಮಿಂಗ್‌ಹ್ಯಾಮ್ ಎಂಬ ಕಾರ್ಖಾನೆಗಳ ಊರಿನ ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ಆಲ್ಬಂ ಹೊರಬಂದದ್ದು 1970ರ ಫೆಬ್ರವರಿ 13ರಂದು. ಈ ಸಂಗೀತದ ಹುಟ್ಟನ್ನು ಹೆಚ್ಚಿನವರು ಗುರುತಿಸುವುದು ಅಲ್ಲಿಂದಲೇ. ಅದರಲ್ಲಿ ಡ್ರಮ್ಸ್ ನುಡಿಸಿದ ಬಿಲ್ ವಾರ್ಡ್ ಜೀನ್ ಕ್ರೂಪಾ, ಬಡ್ಡಿ ರಿಚ್‌ರಂಥ ಜಾಝ್ ವಾದಕರನ್ನು ಕೇಳಿ ಬೆಳೆದವರು. ಅಬ್ಬರದ ಒಳಗೊಂದು ತೂಗಾಟವಿರುವುದು ಆ ಕಾರಣಕ್ಕೇ.

ನಿಕೊ ಎಪ್ಪತ್ತರ ದಶಕದಿಂದ ಎಂಬತ್ತರ ಆರಂಭದವರೆಗೆ ತಂಡದಿಂದ ತಂಡಕ್ಕೆ ಅಲೆದರು: ಸ್ಟ್ರೀಟ್‌ವಾಕರ್ಸ್, ಪ್ಯಾಟ್ ಟ್ರಾವರ್ಸ್, ಆಮೇಲೆ ಫ್ರಾನ್ಸಿನ ಟ್ರಸ್ಟ್. 1982ರ ಕೊನೆಯಲ್ಲಿ ಕ್ಲೈವ್ ಬರ್ ಐರನ್ ಮೇಡನ್ ಬಿಟ್ಟಾಗ ಆ ಜಾಗಕ್ಕೆ ಬಂದರು. ಮರುವರ್ಷದ 'ಪೀಸ್ ಆಫ್ ಮೈಂಡ್' ಆಲ್ಬಂನ ಮೊದಲ ಹಾಡು ತೆರೆದುಕೊಳ್ಳುವುದೇ ಅವರ ಡ್ರಮ್ಮಿನ ಹೊಡೆತಗಳಿಂದ.

ನಮ್ಮ ಚೆಂಡೆಯಲ್ಲಿ ಕೆಲಸವೆಲ್ಲ ಕೋಲು ಹಿಡಿದ ಕೈಗಳದ್ದು. ಡ್ರಮ್ ಸೆಟ್ಟಿನಲ್ಲಿ ಕಾಲುಗಳಿಗೂ ಪಾಲಿದೆ. ಬಲಗಾಲು ಪೆಡಲ್ ಒತ್ತಿದರೆ ನೆಲಕ್ಕೊರಗಿದ ದೊಡ್ಡ ಡ್ರಮ್ ಗುಡುಗುತ್ತದೆ. ಎಡಗಾಲು ಜೋಡಿ ತಾಳಗಳನ್ನು ಮುಚ್ಚಿ ತೆರೆಯುತ್ತದೆ. ವೇಗ ಹೆಚ್ಚಿದಂತೆ ಮೆಟಲ್ ವಾದಕರು ಎರಡೂ ಕಾಲುಗಳಿಂದ ದೊಡ್ಡ ಡ್ರಮ್ ಬಾರಿಸತೊಡಗಿದರು. ಸ್ಲೇಯರ್ ತಂಡದ ಡೇವ್ ಲೊಂಬಾರ್ಡೊ 1986ರಲ್ಲಿ ಅದನ್ನು ಬೆರಗಾಗುವ ಮಟ್ಟಕ್ಕೆ ಒಯ್ದರು. ನಿಕೊ ಮಾತ್ರ ಒಂದೇ ಪಾದಕ್ಕೆ ಅಂಟಿಕೊಂಡರು. ಐರನ್ ಮೇಡನ್ ಹಾಡುಗಳ ಕುದುರೆಯೋಟದಂಥ ನಡೆಗಳನ್ನೆಲ್ಲ ಬಲಗಾಲೊಂದೇ ಓಡಿಸಿತು. ಜೋಡಿ ಪೆಡಲ್ ಬಳಸಿದ ಅವರ ಹಾಡೆಂದು ಅಭಿಮಾನಿಗಳು ಹೆಸರಿಸುವುದು 2003ರ 'ಫೇಸ್ ಇನ್ ದ ಸ್ಯಾಂಡ್' ಒಂದನ್ನೇ. ಅವರ ದೊಡ್ಡಸ್ತಿಕೆ ಈ ಹಟದಲ್ಲೇ ಇದೆ ಎಂದು ನನ್ನ ನಂಬಿಕೆ. ಒಂದೇ ಕಾಲಿನ ಹೊಡೆತಗಳ ನಡುವೆ ಉಳಿಯುವ ಬಿಡುವು ಹಾಡಿಗೆ ಉಸಿರು ಕೊಡುತ್ತದೆ.

ಬೆಂಗಳೂರಿಗೆ ಅವರು 2009ರಲ್ಲಿ ಮತ್ತೆ ಬಂದರು. ಅಷ್ಟು ಹೊತ್ತಿಗೆ ನಮ್ಮಲ್ಲೂ ಮೆಟಲ್ ಬೇರು ಬಿಟ್ಟಿತ್ತು. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕ್ರಿಪ್ಟೋಸ್ ತಂಡ ಮುಂದೆ ಜರ್ಮನಿಯ ವಾಕನ್ ಉತ್ಸವದವರೆಗೂ ಹೋಯಿತು.

2023ರ ಜನವರಿಯಲ್ಲಿ ನಿಕೊಗೆ ಪಾರ್ಶ್ವವಾಯು ಬಡಿಯಿತು. ಬಲಭುಜದಿಂದ ಬೆರಳ ತುದಿಯವರೆಗೆ ಸ್ವಾಧೀನ ತಪ್ಪಿತು. ಡ್ರಮ್ಮರನಿಗೆ ಇದಕ್ಕಿಂತ ಕ್ರೂರವಾದದ್ದು ಏನಿದೆ? ಹತ್ತು ವಾರ ಕಠಿಣ ಚಿಕಿತ್ಸೆ ಪಡೆದು, ಅದೇ ವರ್ಷದ ಮೇ ತಿಂಗಳಲ್ಲಿ ಸ್ಲೊವೇನಿಯಾದ ಲ್ಯುಬ್ಲಿಯಾನಾದಲ್ಲಿ ಅವರು ಮತ್ತೆ ವೇದಿಕೆಯಲ್ಲಿದ್ದರು. ಕೈಗೆ ಬಾರದ ಕೆಲವು ಬಿರುಸಿನ ಹೊಡೆತಗಳನ್ನು ಸರಳಗೊಳಿಸಿಕೊಂಡರು, ಅದನ್ನು ಬಚ್ಚಿಡದೆ ಹೇಳಿಯೂ ಬಿಟ್ಟರು. 2024ರ ಡಿಸೆಂಬರ್ 7ರಂದು, ಬ್ರೆಜಿಲಿನ ಸಾವೊ ಪಾಲೊ ಕಾರ್ಯಕ್ರಮದ ದಿನ, ಪ್ರವಾಸಗಳಿಂದ ನಿವೃತ್ತಿ ಘೋಷಿಸಿದರು. ಆಗ ಅವರಿಗೆ 72 ವರ್ಷ. ಅವರ ಜಾಗದಲ್ಲಿ ಈಗ ಸೈಮನ್ ಡಾಸನ್ ನುಡಿಸುತ್ತಿದ್ದಾರೆ.