ಚಿತ್ರದೊಳಗೆ ಕೂತ ಇಂಗ್ಲಿಷು
(ಬಳ್ಳಾರಿಯ ಯುವಕರ ಸಭೆಯಲ್ಲಿ ಆಡಿದ ಮಾತುಗಳು)



ಅಂಗಡಿ ಬೋರ್ಡಿನಲ್ಲಿ ಕನ್ನಡ ಬೇಕೆಂದು ಬೀದಿಗಿಳಿದವರು ನಾವು. ಅದನ್ನು ಬಿಡುವ ಮಾತೇ ಇಲ್ಲ. ಇವತ್ತು ಮಾತ್ರ ನಾನು ಬೋರ್ಡಿಗಿಂತ ಬಹಳ ಚಿಕ್ಕದೊಂದರ ಬಗ್ಗೆ ಮಾತಾಡುತ್ತೇನೆ. ಬೆಳೆಗೆ ಹೊಡೆಯುವ ವಿಷದ ಡಬ್ಬಿಯ ಜೊತೆ ನಾಲ್ಕೈದು ಮಡಿಕೆ ಮಾಡಿದ ಒಂದು ಹಾಳೆ ಬರುತ್ತದಲ್ಲ, ಅದರೊಳಗಿನ ಚಿತ್ರದ ಬಗ್ಗೆ.

ತುಂಗಭದ್ರೆಯ ಕಾಲುವೆ ನೀರು ಹರಿಯುವ ಕುರುಗೋಡು, ಸಿರುಗುಪ್ಪದ ಕಡೆ ಭತ್ತ, ಹತ್ತಿ, ಮೆಣಸಿನಕಾಯಿ. ಬೆಳೆ ಇದ್ದಲ್ಲಿ ಹುಳ. ಹುಳ ಇದ್ದಲ್ಲಿ ಬೆನ್ನಿಗೆ ಪಂಪು ಕಟ್ಟಿಕೊಂಡ ಕೂಲಿಯವನು. ಆ ವಿಷಕ್ಕೆ ನಾವು ‘ಎಣ್ಣಿ’ ಅಂತೀವಿ, ‘ಔಷಧಿ’ ಅಂತೀವಿ. ಹೆಸರೇ ಅರ್ಧ ಭಯ ಕಳೆದಿದೆ. ಉಳಿದ ಅರ್ಧ ಭಯ ಹುಟ್ಟಿಸಬೇಕಾದ ಚಿತ್ರ ಇಂಗ್ಲಿಷ್ ಮಾತಾಡುತ್ತದೆ!

ಕಾನೂನು ಇಲ್ಲವೇ? ಇದೆ. 1968ರ ಕೀಟನಾಶಕ ಕಾಯ್ದೆಯಡಿ ಬಂದ 1971ರ ನಿಯಮಗಳ ಪ್ರಕಾರ ಲೇಬಲ್ಲು, ಹಾಳೆ ಎರಡೂ ಹಿಂದಿ, ಇಂಗ್ಲಿಷ್ ಜೊತೆಗೆ ಮಾಲು ಮಾರುವ ಪ್ರದೇಶದ ಒಂದೆರಡು ಭಾಷೆಗಳಲ್ಲಿ ಅಚ್ಚಾಗಬೇಕು. ಹಾಗಾಗಿ ಹಾಳೆಯಲ್ಲಿ ಕನ್ನಡ ಇರುತ್ತದೆ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ. ಆದರೆ ನಾನು ಬಿಚ್ಚಿ ನೋಡಿದ ಎಷ್ಟೋ ಹಾಳೆಗಳಲ್ಲಿ ಚಿತ್ರದ ಮೇಲಿನ ಮಾತಿಗೆ ಯಾರೂ ಕೈ ಹಚ್ಚಿಲ್ಲ. ಓದು ಬಾರದವನು ಮೊದಲು ನೋಡುವುದೇ ಚಿತ್ರವನ್ನು. ಅಲ್ಲಿನ ಎರಡು ಮಾತನ್ನು ಅವನಿಗೆ ಓದಿ ಹೇಳುವವಳು ಐದನೇ ಕ್ಲಾಸಿನ ಮಗಳು. ಅವಳಿಗೆ ಬರುವುದು ಕನ್ನಡ.

ಡಬ್ಬಿಯ ಮೇಲಿನ ವಜ್ರಾಕಾರದ ಗುರುತು ನೋಡಿರುತ್ತೀರಿ. ಕೆಳಗಿನ ಅರ್ಧ ಕೆಂಪಾದರೆ ಅತಿ ಘೋರ ವಿಷ. ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಅಂದರೆ ಕಡಿಮೆ ವಿಷ, ವಿಷವೇ ಅಲ್ಲ ಅಂತಲ್ಲ. ಇದನ್ನು ಪಕ್ಕದಲ್ಲೇ ಕನ್ನಡದಲ್ಲಿ ಹೇಳದಿದ್ದರೆ ಹಸಿರು ಕಂಡವನು ಬೆಳೆಗೆ ಒಳ್ಳೆಯದು ಅಂದುಕೊಂಡಾನು.

ಚಿತ್ರಕ್ಕೇ ಯಾಕೆ ಈ ಗತಿ? ಡಿ.ಟಿ.ಪಿ. ಕೆಲಸ ಬಲ್ಲವರಿಗೆ ಗೊತ್ತು. ಬರೆದವನು ಅಕ್ಷರವನ್ನೂ ಗೆರೆಯ ಜೊತೆ ಬೆಸೆದು ಕಳಿಸಿಬಿಡುತ್ತಾನೆ. ಆಮೇಲೆ ಅದು ಅಕ್ಷರವಲ್ಲ, ಬಣ್ಣದ ಚುಕ್ಕೆ. ಬದಲಿಸಬೇಕಾದರೆ ಅಳಿಸಿ ಹೊಸದಾಗಿ ಬರೆಯಬೇಕು. ಅಕ್ಷರಕ್ಕೆ ಬೇರೆ ಪದರ ಇಟ್ಟಿದ್ದರೆ ಒಂದೇ ಚಿತ್ರಕ್ಕೆ ಹತ್ತು ಭಾಷೆ ಹೊದಿಸಬಹುದಿತ್ತು. ಇಟ್ಟರೂ ಇನ್ನೊಂದು ತಾಪತ್ರಯ: ಇಂಗ್ಲಿಷಿನ ಅಳತೆಗೆ ಬಿಟ್ಟ ಜಾಗದಲ್ಲಿ ನಮ್ಮ ಒತ್ತಕ್ಷರ ಕೆಳಗಿನ ಗೆರೆಗೆ ತಾಗುತ್ತದೆ, ಕನ್ನಡ ಅರಿಯದ ಹಳೆಯ ಸಾಫ್ಟ್‌ವೇರಿನಲ್ಲಿ ಒತ್ತು ಬಿಡಿಬಿಡಿಯಾಗಿ ಉದುರುತ್ತದೆ.

ಅನುವಾದಕ್ಕೆ ಬನ್ನಿ. ‘ವೇಟಿಂಗ್ ಪೀರಿಯಡ್’ ಅಂತ ಇರುತ್ತದೆ. ‘ನಿರೀಕ್ಷಣಾ ಅವಧಿ’ ಅಂತ ಬರೆದರೆ ಅದೂ ಇಂಗ್ಲಿಷೇ, ಅಕ್ಷರ ಮಾತ್ರ ನಮ್ಮದು. ‘ಹೊಡೆದ ಮೇಲೆ ಇಷ್ಟು ದಿನ ಕಾಯಿ ಬಿಡಿಸಬೇಡಿ’ ಅನ್ನಬೇಕು. ಎರಡು ಮಾತಿನ ಜಾಗದಲ್ಲಿ ಆರು ಮಾತು. ಜಾಗ ಬಿಡಿಸಿಕೊಳ್ಳುವುದೇ ಇಲ್ಲಿ ಹೋರಾಟ. ಗಾಳಿಯ ಬಾಣದ ಮೇಲೆ ‘ಗಾಳಿಯ ದಿಕ್ಕು’ ಅಂದರೆ ಬರುವ ದಿಕ್ಕೋ ಹೋಗುವ ದಿಕ್ಕೋ? ಬಾಣದ ಬಾಲದ ಹತ್ತಿರ ‘ಗಾಳಿ ಈ ಕಡೆಯಿಂದ’ ಅಂತ ಹಾಕಿದರೆ ವಿಷ ಮುಖಕ್ಕೆ ಬಡಿಯುವುದಿಲ್ಲ.

ಅಂಕಿ ಹಾಕಿ ಕೆಳಗೆ ಪಟ್ಟಿ ಕೊಡಬಹುದಲ್ಲ ಅನ್ನುತ್ತಾರೆ. ಪಂಪಿನ ಬಿಡಿಭಾಗಕ್ಕೆ ಅದು ಸರಿ, ಅಗ್ಗವೂ ಹೌದು, ಪಟ್ಟಿಯನ್ನಷ್ಟೇ ಬದಲಿಸಿದರಾಯಿತು. ‘ಕಟ್ಟಿದ ನಾಜಲ್ ಬಾಯಿಂದ ಊದಬೇಡಿ’ ಅನ್ನುವುದಕ್ಕೆ ಅಂಕಿ ಸಾಲದು. ಅದು ಬಾಯಿಯ ಚಿತ್ರದ ಪಕ್ಕದಲ್ಲೇ ಇರಬೇಕು.

ತೆಲುಗಿನ ಮಾತೂ ಹೇಳಬೇಕು. ಸಿರುಗುಪ್ಪದ ಗದ್ದೆಯಲ್ಲಿ ತೆಲುಗು ಆಡುವ ಕೂಲಿಯವರೂ ಇದ್ದಾರೆ. ಕನ್ನಡದ ಕೆಳಗೆ ತೆಲುಗು ಕಂಡರೆ ಹಾಳೆ ಹರಿಯಬೇಡಿ. ಅವರ ಜೀವವೂ ಜೀವವೇ. ಕನ್ನಡದ ಬದಲು ತೆಲುಗು ಬಂದರೆ ಮಾತ್ರ ಕೇಳಿ. ದೂರದೂರಿನ ಡಿಸೈನರನಿಗೆ ಎರಡೂ ಗುಂಡು ಗುಂಡಾಗಿ ಒಂದೇ ಥರ ಕಾಣುತ್ತವೆ, ತಲಕಟ್ಟು ನೋಡಿ ಗುರುತಿಸುವವನು ಅಲ್ಲಿ ಇರುವುದಿಲ್ಲ.

ಮುಂದಿನ ಭಾನುವಾರ ಬರುವಾಗ ನಿಮ್ಮ ನಿಮ್ಮ ಊರಿನ ಅಂಗಡಿಯಿಂದ ಒಂದೊಂದು ಹಾಳೆ ತನ್ನಿ. ಇಂಗ್ಲಿಷಿರುವ ಚಿತ್ರಕ್ಕೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ನಿಮ್ಮೂರ ಕನ್ನಡ ಬರೆಯೋಣ. ಒಂದು ಪ್ರತಿ ಕಂಪನಿಗೆ, ಒಂದು ಕೃಷಿ ಇಲಾಖೆಗೆ. ಅಂಚೆ ಖರ್ಚು ಸಂಘದ್ದು.